ಮೈಲೂರ ಹಾದಿಯ ಗಿರ್ಜಾ ಸಂತಪುರಕ್ಕೆ ಹೋದದ್ದು

ಕಟ್ಟಡ ಕಟ್ಟುವುದನ್ನು ನಾನು ಕಲಿತಿದ್ದೆ. ಕಟ್ಟಿದ್ದನ್ನು ಕೆಡದಂತೆ ಬಿಚ್ಚುವುದನ್ನು ಯಾರೂ ಕಲಿಸಿರಲಿಲ್ಲ. ಹೀಗಾಗಿ ನಮ್ಮ ಮಿಷನ್ನಿನ ಪಾದ್ರಿ ಸಾಹೇಬರು ಬೀದರ ಕೋಟೆಯ ಆಚೆ, ಮೈಲೂರಿಗೆ ಹೋಗುವ ಹಾದಿಯಲ್ಲಿದ್ದ ಹಳೆಯ ಸ್ಕಾಟ್ ಚರ್ಚಿನ, ನಮ್ಮವರ ಬಾಯಲ್ಲಿ ಗಿರ್ಜಾದ, ಮುಂದೆ ನನ್ನನ್ನು ನಿಲ್ಲಿಸಿ, "ಇದನ್ನು ಸಂತಪುರಕ್ಕೆ ಒಯ್ಯಬೇಕು" ಎಂದಾಗ, ಅವರು ಒಳಗಿನ ಬೆಂಚುಗಳ ಮಾತು ಆಡುತ್ತಿದ್ದಾರೆ ಅಂದುಕೊಂಡೆ.

"ಬೆಂಚು ಅಷ್ಟೇನ್ರಿ, ಸಾಹೇಬ್ರ?"

"ಬೆಂಚುಗಳಲ್ಲ. ಗೋಡೆ, ಛಾವಣಿ, ಗಂಟೆ. ಎಲ್ಲವನ್ನೂ." ಪುಸ್ತಕದಿಂದ ಕಲಿತ ಕನ್ನಡವನ್ನು ಅವರು ಒಂದಕ್ಷರ ಬಿಡದೆ ಆಡುತ್ತಿದ್ದರು.

ಆಗ ನಮ್ಮದು ನಿಜಾಮರ ರಾಜ್ಯ. ಯುರೋಪಿನ ದೊಡ್ಡ ಯುದ್ಧ ಶುರುವಾಗಲು ಇನ್ನೂ ಕೆಲವು ವರ್ಷಗಳಿದ್ದವು. ನಾನು ಮಿಷನ್ನಿನ ಕಟ್ಟಡಗಳ ಕೆಲಸ ನೋಡಿಕೊಳ್ಳುತ್ತಿದ್ದೆ. ಜನ ನನ್ನನ್ನು ಮಿಸ್ತ್ರಿ ಎನ್ನುತ್ತಿದ್ದರು. ಆ ಗಿರ್ಜಾ ನಮ್ಮ ಮಿಷನ್ನಿನದಲ್ಲ. ಹಿಂದೆ ರಸ್ತೆ, ಸೇತುವೆಗಳ ಕೆಲಸಕ್ಕೆ ಬಂದು ಬೀದರದಲ್ಲಿ ನೆಲೆಸಿದ್ದ ಕೆಲವು ಸ್ಕಾಟ್ಲೆಂಡಿನ ಮನೆತನಗಳು ಅದನ್ನು ತಮಗಾಗಿ ಕಟ್ಟಿಕೊಂಡಿದ್ದವು. ಅವರು ಪ್ರೆಸ್ಬಿಟೇರಿಯನ್ ಪಂಗಡದವರು. ಒಬ್ಬ ಜಾಗೀರದಾರರು ಗೆಳೆತನದಲ್ಲಿ ಜಾಗ ಬಿಟ್ಟುಕೊಟ್ಟಿದ್ದರು. ಕೆಲಸ ಮುಗಿದಂತೆ ಆ ಮನೆತನಗಳು ಒಂದೊಂದಾಗಿ ಊರು ಬಿಟ್ಟವು. ಜಾಗೀರದಾರರೂ ತೀರಿಕೊಂಡರು. ಅವರ ಮಕ್ಕಳಿಗೆ ಜಾಗ ಬೇಕಾಯಿತು. ಕಟ್ಟಡದ ಜವಾಬ್ದಾರಿ ಹೊತ್ತಿದ್ದ ಸಿಕಂದರಾಬಾದಿನ ಹಿರಿಯರು, ಒಯ್ಯುವುದಾದರೆ ಒಯ್ಯಿರಿ ಎಂದು ಅದನ್ನು ನಮ್ಮ ಪಾದ್ರಿ ಸಾಹೇಬರಿಗೆ ಕೊಟ್ಟರು. ಸಂತಪುರದ ನಮ್ಮ ಹೊಸ ಕ್ರೈಸ್ತ ಸಭೆಗೆ ಇನ್ನೂ ಗಿರ್ಜಾ ಇರಲಿಲ್ಲ. ಮಳೆಗಾಲದೊಳಗೆ ನೆಲ ಖಾಲಿಯಾಗಬೇಕಿತ್ತು.

ನಮ್ಮ ಸೀಮೆಯಲ್ಲಿ ಅಂಥ ಕಟ್ಟಡ ಇನ್ನೊಂದಿರಲಿಲ್ಲ. ಒಂದೇ ಉದ್ದನೆಯ ಕೋಣೆ. ಗೋಡೆಗಳು ಬೀದರದ ಕೆಂಪು ಕಲ್ಲಿನವು. ಮೇಲೆ ಗಾರೆ ಮೆತ್ತಿರಲಿಲ್ಲ. ಛಾವಣಿ ಬೆಕ್ಕೂ ನಿಲ್ಲಲಾರದಷ್ಟು ಕಡಿದು. ಹಿಮ ಜಾರಿ ಬೀಳಲೆಂದು ಅವರ ನಾಡಿನಲ್ಲಿ ಹಾಗೆ ಕಟ್ಟುತ್ತಾರಂತೆ. ಹಿಮವನ್ನೇ ಕಾಣದ ಬೀದರದಲ್ಲೂ ಅವರು ತಮ್ಮ ಊರಿನ ಛಾವಣಿಯನ್ನೇ ಎಬ್ಬಿಸಿದ್ದರು. ಒಳಗೆ ಶಿಲುಬೆಯಿಲ್ಲ, ಚಿತ್ರವಿಲ್ಲ, ದೀಪಗಂಬವಿಲ್ಲ. ಕಿಟಕಿಗಳು ಕಿರಿದು, ತುದಿ ಚೂಪು, ಬಣ್ಣವಿಲ್ಲದ ಗಾಜು. ಕೊನೆಯ ಗೋಡೆಯ ನಟ್ಟನಡುವೆ ಎತ್ತರದ ಪ್ರಸಂಗಪೀಠ, ಅದರ ಕೆಳಗೆ ಉದ್ದ ಮೇಜು. ಆ ಪಂಗಡದವರಿಗೆ ವಾಕ್ಯ ಕೇಳುವುದೇ ಮುಖ್ಯ, ಕಣ್ಣಿಗೆ ಏನೂ ಬೇಕಿಲ್ಲ. ಬಾಗಿಲಿದ್ದ ಮುಂಗೋಡೆ ಮಾತ್ರ ಉಳಿದವುಗಳಿಗಿಂತ ಎತ್ತರ. ಅದರ ನೆತ್ತಿಯ ಮೇಲೆ ಕಲ್ಲಿನ ಸಣ್ಣ ಕಮಾನು, ಕಮಾನಿನಲ್ಲಿ ಗಂಟೆ.

ಛಾವಣಿಯ ಕಟ್ಟಿಗೆ ಕೆಲಸಕ್ಕೆ ಭಾಲ್ಕಿಯಿಂದ ಒಬ್ಬ ಬಡಿಗೇರರನ್ನು ಕರೆಸಿದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡ, ನಮ್ಮ ಮನೆಯ ನೀರನ್ನೂ ಮುಟ್ಟದ ಮನುಷ್ಯ. ಒಳಗೆ ಬಂದು ಸುತ್ತ ನೋಡಿ ನಿಂತರು.

"ಏನ್ ನೋಡ್ಲಿಕ್ಕತ್ತೀರಿ?" ಎಂದೆ.

"ಮೂರ್ತಿ ಇಲ್ಲ, ಹೂ ಇಲ್ಲ, ಏನಿಲ್ಲ. ನಮ್ಮ ಶರಣರು ಕಟ್ಟಿದಂಗದಲ್ರಿ" ಎಂದು ಅವರು ನಕ್ಕರು. ಅಂದಿನಿಂದ ಆ ಕೆಲಸದ ಮೇಲೆ ಅವರಿಗೊಂದು ಪ್ರೀತಿ ಬಂತು.

ಕೆಲಸ ತಲೆಕೆಳಗಾಗಿ ನಡೆಯಬೇಕಿತ್ತು. ಕಟ್ಟುವಾಗ ಕೊನೆಗೆ ಇಟ್ಟದ್ದನ್ನು ಮೊದಲು ತೆಗೆಯಬೇಕು. ಗಂಟೆ ಇಳಿಸಿದೆವು. ಮೊಳೆ ಹೊಡೆದು ಕೂರಿಸಿದ್ದ ಚಪ್ಪಟೆ ಹೆಂಚುಗಳನ್ನು ಒಂದೊಂದೇ ಕಿತ್ತು ಹುಲ್ಲಿನಲ್ಲಿ ಸುತ್ತಿದೆವು. ಆಮೇಲೆ ಕೈಂಚಿಗಳು. ಗೋಡೆಯಿಂದ ಗೋಡೆಗೆ ಹಾಯ್ದು ಛಾವಣಿಯ ಭಾರ ಹೊರುವ ಮೂರು ಮೂಲೆಯ ಸಾಗುವಾನಿ ಚೌಕಟ್ಟಿಗೆ ನಾವು ಕೈಂಚಿ ಎನ್ನುತ್ತೇವೆ. ಅಲ್ಲಿದ್ದ ಏಳೂ ಕೈಂಚಿಗಳಲ್ಲಿ ಕಬ್ಬಿಣವೇ ಇರಲಿಲ್ಲ. ಕಟ್ಟಿಗೆಯ ಗೂಟಗಳಿಂದಲೇ ಬಿಗಿದಿದ್ದರು. ಬಡಿಗೇರರು ಗೂಟಗಳನ್ನು ಹೊರಗೆ ಬಡಿದು, ಪ್ರತಿ ತುಂಡಿನ ಮೇಲೆ ಉಳಿಯಿಂದ ತಮ್ಮದೇ ಗುರುತು ಕೆತ್ತಿದರು. ಒಂದು ಗೆರೆ, ಎರಡು ಗೆರೆ, ಅರ್ಧ ಚಂದ್ರ, ಕಾಗೆಯ ಕಾಲು. "ಇದ್ರ ಲೆಕ್ಕ ಹ್ಯಾಂಗ್ರಿ?" ಎಂದು ಕೇಳಿದ್ದಕ್ಕೆ, "ನೀವು ನಿಮ್ಮ ಕಲ್ಲು ನೋಡ್ಕೋರಿ, ಕಟ್ಟಿಗಿ ನಾ ನೋಡ್ಕೋತೇನಿ" ಎಂದರು.

ನನ್ನ ಕಲ್ಲುಗಳು ನನ್ನ ಮಾತು ಕೇಳಲಿಲ್ಲ. ಗೋಡೆಗೊಂದು ಅಕ್ಷರ, ಸಾಲಿಗೊಂದು ಅಂಕಿ, ಸಾಲಿನಲ್ಲಿ ಕಲ್ಲಿನ ಜಾಗಕ್ಕೊಂದು ಅಂಕಿ, ಹೀಗೆ ಡಾಂಬರಿನಲ್ಲಿ ಬರೆಸುತ್ತ ಹೋದೆ. ಬೀದರದ ಕೆಂಪು ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ವರ್ಷಗಟ್ಟಲೆ ನಿಂತು ಗಟ್ಟಿಯಾಗುತ್ತದೆ. ಆದರೆ ಗಟ್ಟಿಯಾಗುವುದು ಹೊರಮೈ ಮಾತ್ರ. ಅಷ್ಟು ವರ್ಷಗಳಲ್ಲಿ ಕಲ್ಲುಗಳ ನಡುವಿನ ಸುಣ್ಣದ ಗಚ್ಚು ಕಲ್ಲಿಗಿಂತ ಬಿಗಿಯಾಗಿತ್ತು. ಹಾರೆ ಹಾಕಿ ಎಬ್ಬಿಸಿದರೆ ಗಚ್ಚು ಬಿಡುತ್ತಿರಲಿಲ್ಲ. ಕಲ್ಲಿನ ಮುಖವೇ ಹಕ್ಕಳೆಯಂತೆ ಕಳಚಿ ಕೈಗೆ ಬರುತ್ತಿತ್ತು. ನೀರು ಹನಿಸಿ ನೋಡಿದೆ. ಹಾರೆ ಬಿಟ್ಟು ಸಣ್ಣ ಉಳಿ ಹಿಡಿಸಿದೆ. ಗರಗಸದಿಂದ ಗಚ್ಚು ಕೊಯ್ಯಿಸಿದೆ. ಏನು ಮಾಡಿದರೂ ಮೂರರಲ್ಲಿ ಒಂದು ಕಲ್ಲು ಮುರಿಯಿತು. ಸಂಜೆ ಸಂಜೆಗೆ ಕೆಂಪು ಪುಡಿಯ ಗುಡ್ಡೆ ಬೆಳೆಯುತ್ತಿತ್ತು. ಚೆನ್ನಾಗಿ ನಿಂತಿದ್ದ ಒಂದು ಕಟ್ಟಡವನ್ನು ನನ್ನ ಕೈಯಾರೆ ಪುಡಿ ಮಾಡುತ್ತಿದ್ದೇನೆ ಎಂಬ ಭಾವನೆ ಆಗ ಮನಸ್ಸಿಗೆ ಹೊಕ್ಕದ್ದು, ಮತ್ತೆ ಪೂರ್ತಿಯಾಗಿ ಹೋಗಲಿಲ್ಲ.

ಅಲ್ಲೊಬ್ಬ ಮುಸಲ್ಮಾನ ಚೌಕೀದಾರ ಇದ್ದ. ಹರೆಯದಲ್ಲಿ ಆ ಕೆಲಸಕ್ಕೆ ಸೇರಿ ಅಲ್ಲೇ ಗಡ್ಡ ಬೆಳ್ಳಗಾದವನು. ಕೊನೆಯ ಸಾಹೇಬರು ಹೋದ ಮೇಲೂ ಪ್ರತಿ ಐತವಾರ ಬಾಗಿಲು ತೆಗೆದು, ಕಸ ಹೊಡೆದು, ಮಧ್ಯಾಹ್ನ ಮುಚ್ಚುತ್ತಿದ್ದನಂತೆ.

"ಯಾರೂ ಬರ್ತಿದ್ದಿಲ್ಲಲ್ಲ, ಮತ್ತ್ಯಾಕ ತಗೀತಿದ್ರಿ?" ಎಂದು ಕೇಳಿದೆ.

"ಬಂದ್ರ ಹೊರಗ ನಿಂದ್ರಬಾರ್ದಲ್ರಿ, ಮಿಸ್ತ್ರಿ ಸಾಬ್. ನನಗ ಅಷ್ಟೇ ಹುಕುಂ ಇತ್ತು."

ಗೋಡೆ ಅವನ ಎದೆಮಟ್ಟಕ್ಕೆ ಇಳಿದ ದಿನದಿಂದ ಅವನು ಕಟ್ಟಡಕ್ಕೆ ಬೆನ್ನು ಮಾಡಿ ಹುಣಸೆ ಮರದ ಬುಡದಲ್ಲಿ ಕೂಡತೊಡಗಿದ. ಕೊನೆಯ ಬಂಡಿ ಹೊರಟಾಗ ಅವನು ಅಲ್ಲಿರಲಿಲ್ಲ. ಮೈಲೂರಿನ ಮಗಳ ಮನೆಗೆ ಹೋದನೆಂದು ಯಾರೋ ಹೇಳಿದರು.

ಸಂತಪುರಕ್ಕೆ ದಾರಿಯಲ್ಲಿ ಮಾಂಜ್ರಾ ನದಿ ಅಡ್ಡ ಬರುತ್ತದೆ. ಆಗ ಸೇತುವೆಯಿರಲಿಲ್ಲ. ಬೇಸಿಗೆಯಲ್ಲಿ ನೀರು ಮೊಣಕಾಲಿಗಿಂತ ಕಡಿಮೆ, ಆದರೆ ಉಸುಕು ಗಾಲಿಗಳನ್ನು ನುಂಗುತ್ತಿತ್ತು. ಕಲ್ಲು ತುಂಬಿದ ಮೊದಲ ಬಂಡಿಗಳು ನಟ್ಟ ನಡುವೆ ಕೂತುಬಿಟ್ಟವು. ಎತ್ತುಗಳು ಮಂಡಿಯೂರಿದವು. ಕಲ್ಲು ಇಳಿಸದೆ ಬೇರೆ ದಾರಿ ಇರಲಿಲ್ಲ. ಇಳಿಸಿದರೆ ಆಚೆ ದಡಕ್ಕೆ ಹೊರುವವರು ಯಾರು?

ಆಗ ಆಚೆಯಿಂದ ಜನ ನೀರಿಗಿಳಿದು ಬಂದರು. ಸಂತಪುರದ ನಮ್ಮ ಸಭೆಯವರು, ಗಂಡಸರು ಹೆಂಗಸರು. ಅವರ ಮುಂದೆ ಸೀರೆಯನ್ನು ಮೊಣಕಾಲಿನ ಮೇಲೆ ಎತ್ತಿ ಕಟ್ಟಿದ ಒಬ್ಬ ಮುದುಕಿ. ಊರ ಹೊರಗಿನ ಕೇರಿಯಲ್ಲಿ ಎಲ್ಲರಿಗಿಂತ ಮೊದಲು ದೀಕ್ಷಾಸ್ನಾನ ಪಡೆದವಳು ಅವಳೇ. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು.

"ಎಷ್ಟು ಕಲ್ಲ ಅವ?" ಎಂದು ಕೇಳಿದಳು.

"ಭಾಳ ಅವ, ಆಯಿ. ನಿಮ್ಮ ಕೈಲಿ ಆಗಂಗಿಲ್ಲ."

"ಆಗೂದು ಬಿಡೂದು ಆಮ್ಯಾಲ ನೋಡೋಣ್ರಿ. ತಲಿ ಮ್ಯಾಲ ಇಡ್ರಿ." ತಲೆಗೆ ಸಿಂಬಿ ಇಟ್ಟು ಬಾಗಿ ನಿಂತಳು. ನಾನು ಸಣ್ಣದೊಂದು ಕಲ್ಲು ಹುಡುಕಿದೆ. "ಅದಲ್ಲ, ಇದು" ಎಂದು ಪಕ್ಕದ ದೊಡ್ಡದನ್ನು ತೋರಿಸಿದಳು.

ಪ್ರತಿ ಬಂಡಿ ಬಂದಾಗಲೂ ಅವರು ಹೊತ್ತರು. ಕೆಲವು ಕಲ್ಲು ಜಾರಿ ಉಸುಕಿನ ಪಾಲಾದವು. ದಡದಲ್ಲಿ ದಣಿವಾರಿಸಿಕೊಳ್ಳುವಾಗ ಆಯಿ ಹೇಳಿದಳು: "ನಾವು ಹಳೇ ದೇವ್ರ ಬಿಟ್ಟೇವಂತ ಊರಾಗ ನಮ್ಮ ದುಡಿಮಿಗಿ ಕಾಳು ಹಾಕೂದು ಬಿಟ್ರು. ಅದನ್ನ ತಡಕೊಂಡೇವಿ. ಆದ್ರ ನಿಮ್ಮ ದೇವ್ರಿಗಿ ಒಂದ್ ಮನಿ ಇಲ್ಲ ಅಂತ ನಗ್ತಾರಲ್ರಿ, ಅದು ತಡೀಲಿಕ್ಕ ಆಗವಲ್ದು. ನಮ್ಮವ್ರೇ ಕೆಲವ್ರು ಹೇಳ್ಯಾರ, ಗಿರ್ಜಾ ಆದ್ರ ನಿಲ್ತೇವಿ, ಇಲ್ಲಂದ್ರ ತಿರುಗಿ ಹೋಗ್ತೇವಿ ಅಂತ."

ಕಲ್ಲು ಸಾಗಿ ಮುಗಿಯುವ ಮೊದಲೇ ಪ್ಲೇಗು ಬಂತು. ಭಾಲ್ಕಿಯಲ್ಲಿ ಇಲಿ ಸತ್ತು ಬೀಳುತ್ತಿವೆ ಎಂಬ ಸುದ್ದಿ ಬಂದ ಕೂಡಲೇ ಬಡಿಗೇರರು ಮನೆಯವರನ್ನು ಊರ ಹೊರಗಿನ ಹೊಲಕ್ಕೆ ಸಾಗಿಸಿ ಬರುತ್ತೇನೆಂದು ಹೊರಟರು. ಮರಳಿ ಬರಲಿಲ್ಲ. ಕಾದು ಕಾದು ನಾನೇ ಹೋದೆ. ಊರು ಬಿಕೋ ಎನ್ನುತ್ತಿತ್ತು. ಜನ ಹೊಲಗಳಲ್ಲಿ ಜೋಳದ ದಂಟಿನ ಗುಡಿಸಲು ಹಾಕಿಕೊಂಡಿದ್ದರು. ಅಲ್ಲಿ ಅವರ ಹೆಂಡತಿಯನ್ನು ಕಂಡೆ. ಹಣೆ ಬರಿದಾಗಿತ್ತು.

"ಅಲ್ಲೇ ದೂರ ನಿಂದ್ರಿ" ಎಂದರು ಆಕೆ. "ಹೋದ ಸೋಮಾರ ಅವರ್ನ ಮಣ್ಣು ಮಾಡೀವಿ. ಇನ್ನೊಂದು ಗುಡಸಲದಾಗ ಮೈದುನ ಮಲಗ್ಯಾನ."

ಹೊಲದ ಬದುವಿನಲ್ಲೇ ನಿಂತೆ. ಆಕೆಯೇ ಕೇಳಿದರು: "ಅವ್ರು ಯಾವುದೋ ಗುರ್ತು ಹಾಕೀನಂತ ಅಂತಿದ್ರು. ಜ್ವರದಾಗೂ ಅದೇ ಮಾತು. ಕಾಗಿ ಕಾಲು ಬಲಕ್ಕ, ಕಾಗಿ ಕಾಲು ಬಲಕ್ಕ ಅಂತ. ನಿಮಗೇನರ ತಿಳೀತದೇನ್ರಿ?"

"ತಿಳೀತದ್ರಿ, ಅಕ್ಕಾ" ಎಂದೆ. ನಿಜವಾಗಿ ಒಂದೇ ಒಂದು ಗುರುತು ತಿಳಿದಂತಾಗಿತ್ತು.

ಸಂತಪುರದಲ್ಲಿ ನಮಗೆ ಸಿಕ್ಕ ನೆಲ ಹಳ್ಳದ ಪಕ್ಕದ ತಗ್ಗು. ಮೇಲಿನ ಗಟ್ಟಿ ಗರಸು ನೆಲವನ್ನು ಆ ಕೇರಿಯವರ ಗುಡಿಗೆ ಕೊಡಲು ಯಾರೂ ಒಪ್ಪಲಿಲ್ಲ. ತಗ್ಗಿನದು ಕಪ್ಪು ಎರೆ ಮಣ್ಣು. ಬೀದರದಲ್ಲಿ ಗಿರ್ಜಾ ಕಲ್ಲಿನ ಬಂಡೆಯ ಮೇಲೆ ನಿಂತಿತ್ತು. ಎರೆ ಮಣ್ಣು ಹಾಗಲ್ಲ. ನೀರು ಕುಡಿದಾಗ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಕೈ ಹೋಗುವಷ್ಟು ಬಿರಿಯುತ್ತದೆ. ಇದು ನನಗೂ ಗೊತ್ತಿತ್ತು, ಪಾದ್ರಿ ಸಾಹೇಬರಿಗೂ ಗೊತ್ತಿತ್ತು, ಅಲ್ಲಿ ಉಳುಮೆ ಮಾಡುವ ಪ್ರತಿಯೊಬ್ಬರಿಗೂ ಗೊತ್ತಿತ್ತು. ಕಷ್ಟವೆಂದರೆ ಬೇರೆ ನೆಲವಿರಲಿಲ್ಲ.

ಪಾಯ ತೆಗೆಸಿದೆ. ಎರಡಾಳು ಆಳಕ್ಕೆ ಹೋದರೂ ಗರಸು ಸಿಗಲಿಲ್ಲ, ಹಳ್ಳದ ನೀರು ಜಿನುಗಿತು. ಅಲ್ಲಿಗೆ ನಿಲ್ಲಿಸಿ, ಕಾಲುವೆಯಷ್ಟು ಅಗಲ ತೋಡಿಸಿ, ಮಾಂಜ್ರಾದ ಉಸುಕು ತುಂಬಿಸಿ, ನೀರು ಬಿಟ್ಟು ದಮ್ಮಸು ಹೊಡೆಸಿ ಗಟ್ಟಿ ಮಾಡಿಸಿದೆ. ಅದರ ಮೇಲೆ ಮುರಿದ ಕೆಂಪು ಕಲ್ಲಿನ ಚೂರು, ಸುಣ್ಣ. ಅದರ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತ ಬರುವ ಅಗಲ ಕಲ್ಲುಗಳು. ಗೋಡೆಗಳು ನಿಲ್ಲುವ ಜಗಲಿಯ ಮಟ್ಟಕ್ಕೆ ಬಂದಾಗ, "ಇನ್ನ ಒಂದು ಮಳಿಗಾಲ ಹೀಂಗೇ ಬಿಡಬೇಕ್ರಿ. ನೆಲ ಏನ್ ಮಾಡ್ತದ ನೋಡಬೇಕು" ಎಂದೆ. ಪಾದ್ರಿ ಸಾಹೇಬರು ಒಪ್ಪಿದರು. ಬಿಟ್ಟೆವು.

ಆ ವರ್ಷ ಮಳೆ ಬರಲಿಲ್ಲ. ಮೋಡ ಬಂದು ಬಂದು ಔರಾದದ ಕಡೆ ಸರಿದುಹೋಯಿತು. ನೆಲ ಉಬ್ಬಲೂ ಇಲ್ಲ, ಕುಗ್ಗಲೂ ಇಲ್ಲ. ಜಗಲಿ ಕೂದಲಷ್ಟೂ ಅಲುಗಲಿಲ್ಲ. ಪರೀಕ್ಷೆಯಲ್ಲಿ ಪಾಸಾಯಿತೆಂದು ಸಭೆಯವರೆಲ್ಲ ಸಂತೋಷಪಟ್ಟರು. ಪರೀಕ್ಷೆಯೇ ನಡೆದಿಲ್ಲವೆಂದು ನಾನು ಹೇಳಿದೆ. ಇನ್ನೊಂದು ವರ್ಷ ಕಾಯಲು ಅವರಲ್ಲಿ ತಾಳ್ಮೆ ಇರಲಿಲ್ಲ. ಎರಡು ಮನೆಯವರು ಆಗಲೇ ತಿರುಗಿ ಹೋಗಿದ್ದರು. ಪಾದ್ರಿ ಸಾಹೇಬರಿಗೆ ಜ್ವರ ಹತ್ತಿಕೊಂಡಿತ್ತು. ಗೋಡೆ ಶುರು ಮಾಡಿದೆವು.

ಮುರಿದ ಕಲ್ಲುಗಳ ಜಾಗಕ್ಕೆ ಹೊಸದನ್ನು ಕೊಯ್ಯಿಸಿ ಒಣಗಿಸಿಟ್ಟಿದ್ದೆ. ಹಳೆಯದು ಕಪ್ಪುಗೆಂಪು, ಹೊಸದು ಕುಂಕುಮದ ಕೆಂಪು. ಗೋಡೆ ಚುಕ್ಕೆ ಚುಕ್ಕೆಯಾಗಿ ಎದ್ದಿತು. ಕಮಾನುಗಳಿಗೆ ಕೆಳಗೆ ಕಟ್ಟಿಗೆಯ ಅಚ್ಚು ಕೊಟ್ಟು ಒಂದೊಂದೇ ಕಲ್ಲು ಕೂರಿಸಿದೆವು. ಕೈಂಚಿಗಳ ಸರದಿ ಬಂದಾಗ ಎಲ್ಲ ತುಂಡುಗಳನ್ನೂ ನೆಲದ ಮೇಲೆ ಹರವಿ, ಕಾಗೆಯ ಕಾಲು ಬಲಕ್ಕೆ ಎಂಬ ಒಂದೇ ಸುಳಿವು ಹಿಡಿದು ಕೂತೆ. ಜೋಡಿಸುವುದು, ಗೂಟದ ತೂತು ಸೇರದೆ ಬಿಚ್ಚುವುದು, ಮತ್ತೆ ಜೋಡಿಸುವುದು. ಅರ್ಧ ಚಂದ್ರ ಮೇಲಿನ ತುದಿಯದೆಂದು ತಿಳಿಯಲು ವಾರ ಹಿಡಿಯಿತು. ಒಂದು ಕೈಂಚಿ ಕೊನೆಯವರೆಗೂ ಸರಿಯಾಗಿ ಕೂಡಲಿಲ್ಲ. ಅದಕ್ಕೆ ಕಬ್ಬಿಣದ ಪಟ್ಟಿ ಹೊಡೆಸಿದೆ. ಬಡಿಗೇರರು ನೋಡಿದ್ದರೆ ಬೈಯುತ್ತಿದ್ದರು.

ಆದರೂ ಬೇಸಿಗೆಯ ಕೊನೆಗೆ ಗಿರ್ಜಾ ಎದ್ದು ನಿಂತಿತು. ಅದೇ ಕಡಿದಾದ ಛಾವಣಿ, ಅದೇ ಚೂಪು ಕಿಟಕಿಗಳು. ಸಂತಪುರದ ಬಯಲಿನಲ್ಲಿ ಎಲ್ಲಿಂದ ನೋಡಿದರೂ ಕಾಣುತ್ತಿತ್ತು. ಆಯಿ ಒಳಗೆ ಹೋಗಿ, ಗೋಡೆಗುಂಟ ಅಂಗೈ ಸವರುತ್ತ ಒಂದು ಸುತ್ತು ಬಂದಳು. ಸುಗ್ಗಿಯಾದ ಮೇಲೆ ಪ್ರತಿಷ್ಠೆ ಎಂದು ನಿಶ್ಚಯವಾಯಿತು. ಬೀದರ, ಭಾಲ್ಕಿ, ಔರಾದ ಎಲ್ಲ ಕಡೆಯ ಸಭೆಗಳಿಗೆ ಕರೆ ಹೋಯಿತು. ಆ ಕೆಲಸದಲ್ಲಿ ನಾನು ನೆಮ್ಮದಿಯಿಂದ ನಿದ್ದೆ ಮಾಡಿದ್ದು ಆ ಕೆಲವೇ ವಾರ.

ಆ ವರ್ಷದ ಮಳೆ ಎರಡು ವರ್ಷದ್ದನ್ನೂ ಸೇರಿಸಿ ಸುರಿಯಿತು. ಹಳ್ಳ ಜಗಲಿಯ ಕಲ್ಲು ಮುಟ್ಟಿ ಹರಿಯಿತು. ಮಳೆ ನಡುವೆಯೇ ಬಾಗಿಲ ಕಮಾನಿನ ನೆತ್ತಿಯಲ್ಲಿ ಕೂದಲೆಳೆಯಂಥ ಗೆರೆ ಕಂಡಿತು. ಅದರ ಮೇಲೆ ಅಡ್ಡಲಾಗಿ ಸುಣ್ಣದ ಪಟ್ಟಿ ಹಚ್ಚಿದೆ. ಗೋಡೆ ನಿಂತಿದ್ದರೆ ಪಟ್ಟಿ ಹಾಗೇ ಇರುತ್ತದೆ, ಸರಿಯುತ್ತಿದ್ದರೆ ಸೀಳುತ್ತದೆ. ಎರಡನೇ ದಿನ ಪಟ್ಟಿ ಸೀಳಿತ್ತು. ಮತ್ತೆ ಹಚ್ಚಿದೆ, ಮತ್ತೆ ಸೀಳಿತು. ಮಳೆ ನಿಂತ ಮೇಲೆ ನೆಲ ಇಳಿದು ಗೆರೆ ಮುಚ್ಚಿಕೊಳ್ಳಬಹುದೆಂದು ಕಾದೆ. ನೆಲವೇನೋ ಇಳಿಯಿತು, ಆದರೆ ಒಂದೇ ಸಮನಾಗಿ ಅಲ್ಲ. ಹಳ್ಳದ ಕಡೆಗಿದ್ದ ಮುಂಗೋಡೆಯ ಅಡಿ ಹೆಚ್ಚು ಇಳಿಯಿತು. ಗಂಟೆಯ ಕಮಾನಿನಿಂದ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ನೋಡಿದರೆ, ಗೋಡೆ ಹೊರಗೆ ವಾಲುತ್ತಿತ್ತು. ಪ್ರತಿ ವಾರ ಸ್ವಲ್ಪ ಸ್ವಲ್ಪ. ಸುಗ್ಗಿ ಬರುವಷ್ಟರಲ್ಲಿ ಬಿರುಕಿನಲ್ಲಿ ನನ್ನ ಹೆಬ್ಬೆರಳು ಹೋಗುತ್ತಿತ್ತು.

ಹೊರಗಿನಿಂದ ತೊಲೆಗಳ ಆಸರೆ ಕೊಟ್ಟೆ. ಆಸರೆಯ ತೊಲೆಗಳೂ ಎರೆ ನೆಲದಲ್ಲೇ ನಿಲ್ಲಬೇಕು; ಅವೂ ಇಳಿದವು.

ಬೀದರಕ್ಕೆ ಹೋಗಿ ಪಾದ್ರಿ ಸಾಹೇಬರ ಮುಂದೆ ನಿಂತೆ. ಅವರು ಹಾಸಿಗೆಯಲ್ಲಿದ್ದರು, ಮೈಯಲ್ಲಿ ಎಲುಬು ಬಿಟ್ಟರೆ ಏನೂ ಉಳಿದಿರಲಿಲ್ಲ. ಪ್ರತಿಷ್ಠೆಯ ಮಾರನೆಯ ವಾರ ಅವರನ್ನು ಸ್ವದೇಶಕ್ಕೆ ಕಳಿಸುವುದೆಂದು ವೈದ್ಯರು ನಿಶ್ಚಯಿಸಿದ್ದರು. ನಾನು ಎಲ್ಲ ಹೇಳಿದೆ.

"ಪ್ರತಿಷ್ಠೆಯ ದಿನ ಬೀಳುವುದೇ?" ಎಂದು ಕೇಳಿದರು.

"ಹೇಳಲಿಕ್ಕ ಬರಂಗಿಲ್ರಿ. ಒಂದು ವರ್ಷ ನಿಂತರೂ ನಿಂತೀತು. ಒಳಗ ಮಂದಿ ತುಂಬಿ ಗಂಟಿ ಬಾರಿಸಿದ್ರ ಆವತ್ತೇ ಬಿದ್ದರೂ ಬಿದ್ದೀತು. ಛಾವಣಿ ಇಳಿಸಿ ಮುಂಗೋಡಿ ಬಿಚ್ಚಬೇಕ್ರಿ. ಈಗಲೇ."

ಅವರು ಗೋಡೆಯ ಕಡೆ ಹೊರಳಿದರು. "ತಾವು ಕಣ್ಣಾರೆ ಕಂಡಿದ್ದೀರಿ, ನಾನು ಕಂಡಿಲ್ಲ. ತಮಗೆ ಸರಿ ಕಂಡದ್ದನ್ನು ಮಾಡಿರಿ. ಆದರೆ ಬಿಚ್ಚಿರಿ ಎಂದು ನನ್ನ ಬಾಯಿಂದ ಹೇಳಿಸಬೇಡಿರಿ. ನನ್ನಿಂದ ಆಗದು."

ಹಿಂದಿರುಗುವ ದಾರಿಯಲ್ಲಿ ಮಾಂಜ್ರಾ ದಾಟುವಾಗ ನಿರ್ಧರಿಸಿದೆ. ಧೈರ್ಯ ಮಾಡಿದೆ ಎನ್ನಲಾರೆ. ಆ ಗೋಡೆ ಹೊರಗೆ ಬಿದ್ದು, ಜನ ತುಂಬಿದ ಕೋಣೆಯ ಮೇಲೆ ಛಾವಣಿ ಕುಸಿಯುವ ಚಿತ್ರವನ್ನು ಕಣ್ಣ ಮುಂದಿನಿಂದ ಸರಿಸಲು ನನಗೆ ಬೇರೆ ಉಪಾಯ ಕಾಣಲಿಲ್ಲ.

ಆಯಿ ಗಿರ್ಜಾದ ನೆಲಕ್ಕೆ ಸಗಣಿ ಸಾರಿಸುತ್ತಿದ್ದಳು. ಬಾಗಿಲ ಹೊರಗೆ ನಿಂತೇ ವಿಷಯ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

"ಒಂದ್ ದಿನ ನಿಲ್ಲಂಗಿಲ್ಲೇನ್ರಿ? ಒಂದೇ ದಿನ. ಮಂದಿ ಬಂದು ನೋಡಿ ಹೋಗ್ಲಿ. ಆಮ್ಯಾಲ ಬೀಳ್ಲಿ."

"ನಿಂತರೂ ನಿಲ್ತದ, ಆಯಿ. ನಿಲ್ಲಲಿಲ್ಲಂದ್ರ ಒಳಗ ನಮ್ಮ ಮಂದಿನೇ ಇರ್ತಾರ."

"ಗಂಟಿ ಬಾರಸೂದು ಬ್ಯಾಡ. ಹುಡುಗರಿಗಿ ಹೊರಗ ಕುಂದರಸ್ತೇವಿ."

"ಆಗಂಗಿಲ್ಲ, ಆಯಿ."

"ಯಾವಾಗ ಬೀಳ್ತದ ಹೇಳ್ರಿ, ಮತ್ತ."

"ಗೊತ್ತಿಲ್ಲ."

"ಗೊತ್ತಿಲ್ದ ಬಿಚ್ಚತೀರಿ."

"ಗೊತ್ತಿಲ್ಲಂತನೇ ಬಿಚ್ಚತೇನಿ."

ಅವಳು ಉಳಿದ ಮೂಲೆಯನ್ನೂ ಸಾರಿಸಿ ಮುಗಿಸಿ, ಕೈ ತೊಳೆದುಕೊಂಡು, ನನ್ನ ಪಕ್ಕದಿಂದ ಹಾಯ್ದು ಹೊರಗೆ ಹೋದಳು.

ಬೀದರ, ಭಾಲ್ಕಿ, ಔರಾದಗಳಿಗೆ ಪ್ರತಿಷ್ಠೆ ಇಲ್ಲವೆಂದು ಆಳು ಕಳಿಸಿದೆ. ಸಭೆಯವರು ಯಾರೂ ಕೆಲಸಕ್ಕೆ ಬರಲಿಲ್ಲ. ಬೀದರದಿಂದ ಕಲ್ಲು ಕೆಲಸದ ಗೌಂಡಿಗಳನ್ನು ಕರೆಸಿದೆ. ಗಂಟೆ ಇಳಿಸಿದೆವು. ಹೆಂಚು ತೆಗೆದೆವು. ಕೈಂಚಿಗಳನ್ನು ಹಿಂದಿನಿಂದ ಮುಂದಕ್ಕೆ ಒಂದೊಂದಾಗಿ ಇಳಿಸುತ್ತ ಬಂದೆವು. ಮುಂಗೋಡೆಯನ್ನು ಕೊನೆಯ ಕೈಂಚಿಗೆ ಕಟ್ಟಿ ಹಿಡಿದಿದ್ದ ಅಡ್ಡತೊಲೆಗಳನ್ನು ತೆಗೆಯುವ ಮೊದಲು ಗೋಡೆಗೆ ಒಳಗೂ ಹೊರಗೂ ಹೊಸ ಆಸರೆ ಕೊಡಿಸಿದೆ. ಆಮೇಲೆ ತೊಲೆಗಳನ್ನು ಇಳಿಸಿದೆವು. ಮರುದಿನ ಮಧ್ಯಾಹ್ನ, ನಾವೆಲ್ಲ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದ್ದಾಗ, ಮುಂಗೋಡೆ ಹೊರಗೆ ಬಿತ್ತು. ಸದ್ದು ನಾನೆಣಿಸಿದಷ್ಟಿರಲಿಲ್ಲ. ಧೂಳು ಮಾತ್ರ ಕೇರಿಯವರೆಗೂ ಹೋಯಿತು. ಅದರ ಜೊತೆ ಎಡಗೋಡೆಯ ಅರ್ಧ ಕುಸಿಯಿತು. ಉಳಿದದ್ದನ್ನು ನಾವೇ ಜಗಲಿಯವರೆಗೆ ಇಳಿಸಬೇಕಾಯಿತು. ಯಾರಿಗೂ ಪೆಟ್ಟಾಗಲಿಲ್ಲ.

ಸಂಜೆ ಆಯಿ ಬಂದು ಕಲ್ಲಿನ ಗುಡ್ಡೆಯ ಮುಂದೆ ನಿಂತಳು. "ಮಿಸ್ತ್ರಿ, ಒಂದ್ ಮಾತು ಕೇಳ್ತೇನಿ. ಬೀಳೂದಿತ್ತಂತ ಬಿಚ್ಚಿದ್ರೋ, ಬಿಚ್ಚಿದ್ರಂತ ಬಿತ್ತೋ?"

ಊರಿನಲ್ಲೂ, ಸಭೆಯಲ್ಲೂ ಆಗಲೇ ಅದೇ ಮಾತು ನಡೆದಿತ್ತು. ಅಡ್ಡತೊಲೆಗಳು ಗೋಡೆಯನ್ನು ಹಿಡಿದಿದ್ದವು, ನಿಜ. ಅವುಗಳನ್ನು ತೆಗೆಯದೆ ಗೋಡೆಯನ್ನು ಇಳಿಸಲು ಬರುತ್ತಿರಲಿಲ್ಲ, ಅದೂ ನಿಜ. ತೆಗೆಯದೆ ಬಿಟ್ಟಿದ್ದರೆ ಎಷ್ಟು ದಿನ ನಿಲ್ಲುತ್ತಿತ್ತು ಎಂಬುದನ್ನು ತೋರಿಸಲು ಗೋಡೆಯೇ ಉಳಿದಿರಲಿಲ್ಲ.

"ನನ್ನ ಕೈಲಿ ಹೇಳಲಿಕ್ಕ ಆಗಂಗಿಲ್ಲ, ಆಯಿ" ಎಂದೆ.

"ಮತ್ತ ನಾ ಮಂದಿಗಿ ಏನ್ ಹೇಳ್ಲಿ?" ಎಂದಳು. ಕೇರಿಯ ಕಡೆ ಹೊರಟುಹೋದಳು. ಆ ವಾರ ಮತ್ತೆ ಕೆಲವು ಮನೆಯವರು ಊರ ಹಿರಿಯರ ಮುಂದೆ ಹೋಗಿ ತಪ್ಪು ಒಪ್ಪಿಕೊಂಡು ಹಳೆಯದಕ್ಕೆ ಮರಳಿದರು.

ಪ್ರತಿಷ್ಠೆಗೆ ಗೊತ್ತು ಮಾಡಿದ್ದ ದಿನ ನಾನಿನ್ನೂ ಅಲ್ಲೇ ಇದ್ದೆ, ಕಟ್ಟಿಗೆಯನ್ನು ಬಂಡಿಗೆ ಹೇರಿಸುತ್ತ. ಬಿಸಿಲೇರುವ ಹೊತ್ತಿಗೆ ಭಾಲ್ಕಿಯ ಕಡೆಯಿಂದ ಬಂಡಿಗಳ ಸಾಲು ಕಂಡಿತು. ನಾನು ಕಳಿಸಿದ ಆಳು ದಾರಿಯಲ್ಲಿ ಜ್ವರ ಬಂದು ಮಲಗಿದ್ದನಂತೆ; ಅವನು ಮುಟ್ಟುವ ಮೊದಲೇ ಅವರು ಹೊರಟಿದ್ದರು. ದಾರಿಯಲ್ಲಿ ಹಳ್ಳಿ ಹಳ್ಳಿಯಲ್ಲಿ ನಿಂತು ಹಾಡುತ್ತ ಬಂದಿದ್ದರು. ಹೆಂಗಸರು ಮಡಿಚಿಟ್ಟ ಸೀರೆಗಳನ್ನು ಉಟ್ಟಿದ್ದರು. ಒಬ್ಬರು ಕಂಕುಳಲ್ಲಿ ಡೋಲಕ್ಕು ಹಿಡಿದಿದ್ದರು. ಹತ್ತಿರ ಬಂದಂತೆ ಹಾಡು ನಿಂತಿತು.

"ಗಿರ್ಜಾ ಎಲ್ಲಿ ಅದರಿ?" ಎಂದು ಮುಂದಿನ ಬಂಡಿಯ ಹಿರಿಯರು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಆಯಿ ಕೇರಿಯಿಂದ ಬಂದಳು. ಅವಳೂ ಒಳ್ಳೆಯ ಸೀರೆ ಉಟ್ಟಿದ್ದಳು. ಅವಳ ಹಿಂದೆ ಉಳಿದ ಕೆಲವೇ ಮನೆಗಳವರು.

"ಇದೇ ಅದ್ರಿ" ಎಂದು ಬರಿ ಜಗಲಿ ತೋರಿಸಿದಳು. "ಬರ್ರಿ, ಒಳಗ ಬರ್ರಿ."

ಬಂದವರು ಒಬ್ಬರ ಮುಖ ಒಬ್ಬರು ನೋಡಿದರು. ಡೋಲಕ್ಕಿನವರು ಹತ್ತಿರದ ಮಗ್ಗುಲಿನಿಂದ ಜಗಲಿ ಹತ್ತಲು ಹೋದರು.

"ಅಲ್ಲಿ ಗ್ವಾಡಿ ಅದರಿ" ಎಂದಳು ಆಯಿ. ದನಿ ಏರಿಸಲಿಲ್ಲ. "ಗ್ವಾಡಿ ಮ್ಯಾಲಿಂದ ಬರಬ್ಯಾಡ್ರಿ. ಬಾಗಲಾ ಈ ಕಡಿ."

ಅವರು ಕೆಳಗಿಳಿದು, ಸುತ್ತು ಹಾಕಿ, ಅವಳು ತೋರಿಸಿದ ಕಡೆಯಿಂದ ಬಂದರು. ಉಳಿದವರೂ ಚಪ್ಪಲಿ ಬಿಟ್ಟು, ಒಬ್ಬೊಬ್ಬರಾಗಿ, ಇಲ್ಲದ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಹೋದರು. ಗಂಡಸರನ್ನು ಒಂದು ಕಡೆ, ಹೆಂಗಸರನ್ನು ಒಂದು ಕಡೆ ಆಯಿ ಕೂರಿಸಿದಳು. ಉರಿ ಬಿಸಿಲು. ಪ್ರಾರ್ಥನೆ ಹೇಳಲು ಪಾದ್ರಿ ಸಾಹೇಬರಿಲ್ಲ. ಭಾಲ್ಕಿಯ ಹಿರಿಯರು ಎದ್ದು ಏನೋ ಹೇಳಲು ಹೋಗಿ, ಮತ್ತೆ ಕೂತುಬಿಟ್ಟರು. ಎಲ್ಲರೂ ಆ ಬಿಸಿಲಲ್ಲೇ ಕೂತಿದ್ದರು. ನಾನು ಎತ್ತುಗಳ ಹಗ್ಗ ಹಿಡಿದು ಹೊರಗೆ ನಿಂತಿದ್ದೆ. ಆಯಿ ಒಮ್ಮೆ ನನ್ನ ಕಡೆ ನೋಡಿದಳು. ಕರೆಯಲಿಲ್ಲ. ನಾನೂ ಹೋಗಲಿಲ್ಲ.